ರಾತ್ರಿ ಎರಡೂವರೆಯ ಕೆಲಸ

ಬೆಳಗಿನ ಬಾನುಲಿ ವಾರ್ತೆ ಒಂದು ದಿನ ಬಾರದೇ ಹೋಯಿತು ಎಂದುಕೊಳ್ಳಿ. ಎರಡು ನಿಮಿಷ ಕಳೆಯುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ. ಕಾಫಿ ಲೋಟ ಹಿಡಿದು ಕೂತ ಅಜ್ಜ ರೇಡಿಯೋದ ಕಿವಿ ತಿರುವುತ್ತಾರೆ. ಒಲೆಯ ಮುಂದಿದ್ದವರು ‘ಕರೆಂಟ್ ಹೋಯ್ತಾ?’ ಎಂದು ಅಲ್ಲಿಂದಲೇ ಕೂಗುತ್ತಾರೆ. ವಾರ್ತೆ ಮುಗಿಯುವ ಹೊತ್ತಿಗೆ ಬಸ್ಸಿಗೆ ಹೊರಡುತ್ತಿದ್ದ ಹುಡುಗನ ಲೆಕ್ಕ ತಪ್ಪುತ್ತದೆ. ನಿಲಯಕ್ಕೆ ಫೋನುಗಳು ಬರತೊಡಗುತ್ತವೆ. ಹೊತ್ತಿಗೆ ಸರಿಯಾಗಿ ಬರಬೇಕಾದದ್ದು ಬಾರದಿದ್ದಾಗ ಅದನ್ನು ಗಮನಿಸುವ ಕಿವಿಗಳು ಸಾವಿರಾರು.

ಇವತ್ತಿನ ಮಾತು, ಅಷ್ಟೇ ಕರಾರುವಾಕ್ಕಾಗಿ ನಡೆಯಬೇಕಾದ, ಆದರೆ ಕೇಳುವ ಕಿವಿ ಒಂದೂ ಇಲ್ಲದ ಕೆಲಸಗಳನ್ನು ಕುರಿತದ್ದು. ಬ್ಯಾಂಕು, ಆಸ್ಪತ್ರೆ, ಕಾಲೇಜು, ಪತ್ರಿಕಾ ಕಚೇರಿ, ಎಲ್ಲೆಲ್ಲಿ ಯುನಿಕ್ಸ್ ಅಥವಾ ಲಿನಕ್ಸ್ ಜಾತಿಯ ಸರ್ವರ್ ಇದೆಯೋ ಅಲ್ಲೆಲ್ಲ ಜನ ಮಲಗಿದ ಮೇಲೆ ಒಂದಷ್ಟು ಕೆಲಸ ತಾನಾಗಿ ನಡೆಯುತ್ತದೆ. ದಿನದ ಲೆಕ್ಕದ ನಕಲು ತೆಗೆದಿಡುವುದು, ಹಳೆಯ ಲಾಗ್ ಕಡತಗಳನ್ನು ಕುಗ್ಗಿಸಿ ಪಕ್ಕಕ್ಕಿಡುವುದು, ತಿಂಗಳ ಬಿಲ್ ತಯಾರಿಸುವುದು, ಬೆಳಿಗ್ಗೆ ಗ್ರಾಹಕರಿಗೆ ಹೋಗಬೇಕಾದ ಎಸ್‌ಎಂಎಸ್‌ಗಳನ್ನು ಸಾಲಾಗಿ ಜೋಡಿಸಿಡುವುದು, ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರವನ್ನು ನವೀಕರಿಸುವುದು. ಇವನ್ನೆಲ್ಲ ಹೊತ್ತುಹೊತ್ತಿಗೆ ಎಬ್ಬಿಸುವ ತಂತ್ರಾಂಶದ ಹೆಸರು ಕ್ರಾನ್.

ಕ್ರಾನ್ ವಯಸ್ಸಿನಲ್ಲಿ ಹಿರಿಯ. ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ರೂಪಿಸಿದ ಕೆನ್ ಥಾಂಪ್ಸನ್ ಇದನ್ನು ಬರೆದು, ಕಾಲ ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರು ತೆಗೆದುಕೊಂಡರು. 1979ರಲ್ಲಿ ಹೊರಬಂದ ಯುನಿಕ್ಸಿನ ಏಳನೇ ಆವೃತ್ತಿಯಲ್ಲಿ ಇಡೀ ಯಂತ್ರಕ್ಕೆಲ್ಲ ಸೇರಿ ಒಂದೇ ಪಟ್ಟಿ ಇತ್ತು. 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನ್ ಹೆಚ್ಚು ಹರಡಿತು. ಅದರಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ತನ್ನದೇ ಪಟ್ಟಿ. ಆ ಪಟ್ಟಿಗೆ ಕ್ರಾನ್‌ಟ್ಯಾಬ್ ಎಂದು ಹೆಸರು. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಇಂದಿಗೂ ಓಡುತ್ತಿರುವುದು ಅದರ ಸಂತತಿಯೇ. ರೆಡ್ ಹ್ಯಾಟ್ ಎಂಬ ಇನ್ನೊಂದು ಲಿನಕ್ಸ್ ಬಳಗದವರು 2007ರಲ್ಲಿ ಅದನ್ನೇ ಕವಲೊಡೆಸಿ ಕ್ರೋನಿ ಎಂದು ಹೆಸರಿಟ್ಟರು. ಒಳಗಿನ ಕ್ರಮ ಮಾತ್ರ ಮೊದಲಿನಷ್ಟೇ ಸರಳ: ನಿಮಿಷಕ್ಕೊಮ್ಮೆ ಕಣ್ಣು ಬಿಡುವುದು, ಪಟ್ಟಿ ನೋಡುವುದು, ಈ ನಿಮಿಷಕ್ಕೆ ಹೊಂದುವ ಕೆಲಸವಿದ್ದರೆ ಅದನ್ನು ಹೊರಡಿಸುವುದು, ಮತ್ತೆ ಕಣ್ಣು ಮುಚ್ಚುವುದು. ಬಾಗಿಲು ತಟ್ಟುವುದಷ್ಟೇ ಅದರ ಹೊಣೆ. ಒಳಗಿದ್ದವರು ಎದ್ದರೋ, ಮಗ್ಗುಲು ಬದಲಿಸಿ ಮಲಗಿದರೋ ಎಂದು ನೋಡಲು ಅದು ನಿಲ್ಲುವುದಿಲ್ಲ.

ಪಟ್ಟಿಯ ಒಂದು ಸಾಲಿನಲ್ಲಿ ಐದು ಅಂಕಣ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ಆಮೇಲೆ ಮಾಡಬೇಕಾದ ಕೆಲಸ. ‘ಯಾವುದಾದರೂ ಸರಿ’ ಎನ್ನುವಲ್ಲಿ ಒಂದು ನಕ್ಷತ್ರ ಚಿಹ್ನೆ. ಮೂವತ್ತು, ಎರಡು, ನಕ್ಷತ್ರ, ನಕ್ಷತ್ರ, ನಕ್ಷತ್ರ ಎಂದು ಬರೆದರೆ ದಿನಾ ರಾತ್ರಿ ಎರಡೂವರೆಗೆ ಎಂದರ್ಥ. ಡೆಬಿಯನ್‌ನ ಸಿದ್ಧ ಪಟ್ಟಿ ತೆರೆದು ನೋಡಿದವರಿಗೆ ಅಲ್ಲಿನ ಸಮಯಗಳು ವಿಚಿತ್ರ ಅನಿಸುತ್ತವೆ. ಪ್ರತಿ ಗಂಟೆಯ ಕೆಲಸ 17ನೇ ನಿಮಿಷಕ್ಕೆ, ದಿನದ ಕೆಲಸ ಬೆಳಿಗ್ಗೆ 6:25ಕ್ಕೆ, ವಾರದ್ದು ಭಾನುವಾರ 6:47ಕ್ಕೆ, ತಿಂಗಳದ್ದು ಒಂದನೇ ತಾರೀಕು 6:52ಕ್ಕೆ. ಹೀಗೆ ಹೊತ್ತು ಬೇರೆಬೇರೆಯಾಗಿದ್ದರೆ ಎಲ್ಲವೂ ಒಂದೇ ಗಳಿಗೆಯಲ್ಲಿ ಮೇಲೆ ಬೀಳುವುದಿಲ್ಲ. ಹೊಸಬರೆಲ್ಲ ತಮ್ಮ ಕೆಲಸವನ್ನು ಸರಿಯಾಗಿ ಹನ್ನೆರಡು ಗಂಟೆಗೇ ಇಡುತ್ತಾರೆ. ಆ ಒಂದು ನಿಮಿಷದಲ್ಲಿ ಸರ್ವರ್ ಏದುಸಿರು ಬಿಡುತ್ತದೆ.

ಇನ್ನು ಕೆಡುವ ಬಗೆ. ಬೆಂಗಳೂರಿನ ಒಂದು ಸಣ್ಣ ಕಚೇರಿ ಎಂದಿಟ್ಟುಕೊಳ್ಳಿ. ಲೆಕ್ಕಪತ್ರವೆಲ್ಲ ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ಭಂಡಾರದಲ್ಲಿದೆ. ರಾತ್ರಿ ಎರಡೂವರೆಗೆ ಅದರ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ಒಂದನ್ನು ಹೊಸದಾಗಿ ಸೇರಿದ ಹುಡುಗ ಬರೆದಿದ್ದಾನೆ. ಮೂರು ವಾರದ ನಂತರ ಯಾರೋ ಒಂದು ಕೋಷ್ಟಕವನ್ನು ತಪ್ಪಿ ಅಳಿಸುತ್ತಾರೆ. ಬ್ಯಾಕಪ್‌ನಿಂದ ಅದನ್ನು ಹಿಂದಕ್ಕೆ ತರಲು ಹೋದರೆ ಕಡತಗಳು ಸಾಲಾಗಿ ಇವೆ. ಒಂದೊಂದರ ಹೆಸರಿನಲ್ಲೂ ಅಂದಂದಿನ ತಾರೀಕಿದೆ, ಒಂದು ರಾತ್ರಿಯೂ ತಪ್ಪಿಲ್ಲ. ಆದರೆ ಪ್ರತಿಯೊಂದರ ಗಾತ್ರ 20 ಬೈಟ್.

ಹುಡುಗ ಬೆವರುತ್ತಾನೆ. ‘ಮೇಡಂ, ಸ್ಕ್ರಿಪ್ಟ್ ಸರಿಯಾಗೇ ಇದೆ. ಬೇಕಾದ್ರೆ ಈಗ್ಲೇ ನಿಮ್ಮೆದುರಿಗೇ ಓಡಿಸಿ ತೋರಿಸ್ತೀನಿ.’

‘ನೀನು ಓಡಿಸಿದ್ರೆ ಓಡತ್ತಪ್ಪ, ನಂಗೂ ಗೊತ್ತು. ರಾತ್ರಿ ಓಡಿಸೋದು ನೀನಲ್ವಲ್ಲ.’

ಹಿರಿಯ ಅಡ್ಮಿನ್ ಆಡುವ ಈ ಒಂದು ಮಾತಿನಲ್ಲಿ ಕ್ರಾನ್ ರಿಪೇರಿಯ ಅರ್ಧ ವಿದ್ಯೆ ಇದೆ. ನಮ್ಮ ಮನೆಯ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಕೈ ಚಾಚಿದರೂ ಸಾಸಿವೆ ಡಬ್ಬಿ ಸಿಗುತ್ತದೆ. ಅದೇ ಅಡುಗೆಯವರನ್ನು ಗುರುತಿಲ್ಲದ ಕಲ್ಯಾಣಮಂಟಪಕ್ಕೆ ಕಳುಹಿಸಿ ‘ಒಗ್ಗರಣೆ ಹಾಕಿ’ ಎಂದರೆ ಸಾಸಿವೆ ಎಲ್ಲಿ, ಬಾಂಡ್ಲಿ ಎಲ್ಲಿ, ಬೆಂಕಿಪೊಟ್ಟಣ ಎಲ್ಲಿ? ಮನುಷ್ಯ ಲಾಗಿನ್ ಆದಾಗ ಅವನ ಸುತ್ತ ಹತ್ತಾರು ಸಿದ್ಧತೆಗಳು ತಾವಾಗಿ ನಡೆಯುತ್ತವೆ. ಯಾವ ಆಜ್ಞೆಯನ್ನು ಯಾವ ಯಾವ ಫೋಲ್ಡರಿನಲ್ಲಿ ಹುಡುಕಬೇಕು ಎಂಬ ಪಟ್ಟಿ, ಅಂದರೆ ಪಾತ್, ಅವುಗಳಲ್ಲಿ ಮುಖ್ಯವಾದದ್ದು. ಕ್ರಾನ್ ಈ ಸಿದ್ಧತೆಯನ್ನೆಲ್ಲ ಬಿಟ್ಟು ಬರಿಗೈಯಲ್ಲಿ ಕೆಲಸಕ್ಕೆ ಇಳಿಯುತ್ತದೆ. ಅದರ ಪಾತ್‌ನಲ್ಲಿ ಸಾಮಾನ್ಯವಾಗಿ ಇರುವುದು ಎರಡೇ ಫೋಲ್ಡರ್, ‘ಯುಎಸ್‌ಆರ್ ಬಿನ್’ ಮತ್ತು ‘ಬಿನ್’. ಪೋಸ್ಟ್‌ಗ್ರೆಸ್ ಹಾಕಿಕೊಂಡ ಬಗೆಯನ್ನು ಅನುಸರಿಸಿ ಕೆಲವು ಯಂತ್ರಗಳಲ್ಲಿ ನಕಲು ತೆಗೆಯುವ ‘ಪಿಜಿ ಡಂಪ್’ ಈ ಎರಡರಲ್ಲೂ ಇರುವುದಿಲ್ಲ, ತನ್ನದೇ ಬೇರೆ ಫೋಲ್ಡರಿನಲ್ಲಿರುತ್ತದೆ. ಹುಡುಗ ಲಾಗಿನ್ ಆದಾಗ ಅದು ಸಿಗುತ್ತಿತ್ತು. ಕ್ರಾನ್‌ಗೆ ಸಿಗಲಿಲ್ಲ.

ಹಾಗಿದ್ದರೆ ಆ 20 ಬೈಟ್ ಎಲ್ಲಿಂದ ಬಂತು? ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ಕ್ರಿಪ್ಟಿನಲ್ಲಿ ಪಿಜಿ ಡಂಪ್‌ನ ಫಲವನ್ನು ಕೊಳವೆಯಲ್ಲಿ ಹಾಯಿಸಿ ‘ಜಿಜಿಪ್’ ಎಂಬ ಕುಗ್ಗಿಸುವ ಸಲಕರಣೆಗೆ ಕೊಟ್ಟಿತ್ತು. ಪಿಜಿ ಡಂಪ್ ಸಿಗದೇ ಕೊಳವೆಯ ಈಚೆ ತುದಿ ಖಾಲಿಯಾಯಿತು. ಜಿಜಿಪ್ ‘ಯುಎಸ್‌ಆರ್ ಬಿನ್’ನಲ್ಲೇ ಇದೆ, ಅದು ಬಂತು, ಏನೂ ಇಲ್ಲದ್ದನ್ನು ಶ್ರದ್ಧೆಯಿಂದ ಕುಗ್ಗಿಸಿ ಮೇಲೆ ತನ್ನ ಮುದ್ರೆ ಒತ್ತಿತು. ಬರಿಯ ಆ ಮುದ್ರೆಯ ತೂಕ 20 ಬೈಟ್. ಕೊಳವೆಯಲ್ಲಿ ಹಲವು ಆಜ್ಞೆಗಳಿದ್ದಾಗ, ಅವನ್ನು ಓಡಿಸುವ ಶೆಲ್ ಫಲಿತಾಂಶ ಹೇಳುವುದು ಕೊನೆಯ ಆಜ್ಞೆಯದ್ದು ಮಾತ್ರ. ಜಿಜಿಪ್ ಗೆದ್ದಿತ್ತು, ಆದ್ದರಿಂದ ಇಡೀ ಸ್ಕ್ರಿಪ್ಟ್ ಗೆದ್ದಂತೆ ದಾಖಲಾಯಿತು. ಬ್ಯಾಷ್ ಶೆಲ್‌ನಲ್ಲಿ ‘ಪೈಪ್‌ಫೇಲ್’ ಎಂಬ ಆಯ್ಕೆಯನ್ನು ಮೊದಲ ಸಾಲಿನಲ್ಲೇ ಹಾಕಿದ್ದರೆ ಕೊಳವೆಯ ಯಾವ ತುದಿ ಒಡೆದರೂ ಸೋಲು ಸೋಲೆಂದೇ ಎಣಿಕೆಯಾಗುತ್ತಿತ್ತು.

‘ಆಜ್ಞೆ ಸಿಗಲಿಲ್ಲ’ ಎಂಬ ದೂರು ಎಲ್ಲಿ ಹೋಯಿತು? ಕ್ರಾನ್ ಅದನ್ನು ಮುಚ್ಚಿಡಲಿಲ್ಲ. ಕೆಲಸ ಏನಾದರೂ ಗೊಣಗಿದರೆ ಅದನ್ನು ಪತ್ರವಾಗಿ ಬರೆದು ಪಟ್ಟಿಯ ಯಜಮಾನನಿಗೆ ಮೇಲ್ ಮಾಡುವುದು ಅದರ ಹಳೆಯ ಪದ್ಧತಿ. ಆ ಪತ್ರಗಳು ಸರ್ವರಿನ ಒಳಗಿನ ಅಂಚೆಪೆಟ್ಟಿಗೆಯಲ್ಲೇ ಒಂದರ ಮೇಲೊಂದು ಬಿದ್ದಿದ್ದವು. ಹುಡುಗ ಲಾಗಿನ್ ಆದಾಗಲೆಲ್ಲ ‘ನಿಮಗೆ ಹೊಸ ಮೇಲ್ ಇದೆ’ ಎಂಬ ಒಂದು ಸಾಲು ಪರದೆಯ ಮೇಲೆ ಬರುತ್ತಲೇ ಇತ್ತು. ದಿನಾ ಕಾಣುವ ಸಾಲನ್ನು ಕಣ್ಣು ಓದುವುದಿಲ್ಲ.

ಇಂಥ ಸಂದರ್ಭದಲ್ಲಿ ಅನುಭವಿಗಳು ಹಿಡಿಯುವ ದಾರಿ ಒಂದಿದೆ. ಸ್ಕ್ರಿಪ್ಟ್ ತೆರೆದು ತಿದ್ದಲು ಕೂರುವ ಮೊದಲು ಅವರು ಕೇಳಿಕೊಳ್ಳುವುದು, ಕೆಲಸ ಹೊರಟಿತೇ ಇಲ್ಲವೇ? ಉತ್ತರ ಲಾಗ್‌ನಲ್ಲಿದೆ. ಡೆಬಿಯನ್, ಉಬುಂಟುಗಳಲ್ಲಿ ‘ಸಿಸ್‌ಲಾಗ್’ ಕಡತ, ರೆಡ್ ಹ್ಯಾಟ್ ಬಳಗದಲ್ಲಿ ‘ಕ್ರಾನ್’ ಎಂಬ ಹೆಸರಿನದೇ ಲಾಗ್ ಕಡತ, ಈಚಿನ ಯಂತ್ರಗಳಲ್ಲಿ ‘ಜರ್ನಲ್‌ಸಿಟಿಎಲ್’. ಆ ನಿಮಿಷಕ್ಕೆ ಒಂದು ಸಾಲು ಇದ್ದರೆ ಕ್ರಾನ್ ಬಾಗಿಲು ತಟ್ಟಿದೆ, ತೊಂದರೆ ಮನೆಯೊಳಗೆ. ಸಾಲೇ ಇಲ್ಲದಿದ್ದರೆ ತೊಂದರೆ ಪಟ್ಟಿಯಲ್ಲೋ, ಗಡಿಯಾರದಲ್ಲೋ, ಖಾತೆಯಲ್ಲೋ ಇದೆ. ಈ ಒಂದು ಪ್ರಶ್ನೆಯನ್ನು ಹಾರಿಸಿದವರು ಇಡೀ ದಿನ ತಪ್ಪು ಕೋಣೆಯಲ್ಲಿ ಹುಡುಕುತ್ತಾರೆ. ಹೊರಟದ್ದು ಖಚಿತವಾದರೆ ಎರಡನೆಯ ಹೆಜ್ಜೆ: ತನ್ನ ಸುತ್ತಲಿನ ಪರಿಸರವನ್ನೆಲ್ಲ ಒಂದು ಕಡತಕ್ಕೆ ಬರೆದಿಡು ಎಂಬ ಸಾಲನ್ನು ನಿಮಿಷಕ್ಕೊಮ್ಮೆ ಓಡುವಂತೆ ಕ್ರಾನ್‌ಟ್ಯಾಬ್‌ಗೆ ಸೇರಿಸುವುದು, ಒಂದು ನಿಮಿಷ ಕಾದು ಅದನ್ನು ತೆಗೆಯುವುದು, ಬಂದ ಕಡತವನ್ನು ತಮ್ಮ ಲಾಗಿನ್ ಪರಿಸರದ ಪಕ್ಕದಲ್ಲಿಟ್ಟು ನೋಡುವುದು. ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಪರಿಸರವನ್ನು ಅಷ್ಟೇ ಬರಿದು ಮಾಡಿಕೊಂಡು ಸ್ಕ್ರಿಪ್ಟ್ ಓಡಿಸಿದರೆ ರಾತ್ರಿಯ ಸೋಲು ಹಗಲಿನಲ್ಲೇ ಕೈಗೆ ಸಿಗುತ್ತದೆ. ಎರಡೂವರೆಯವರೆಗೆ ಎದ್ದು ಕೂರಬೇಕಾಗಿಲ್ಲ.

ಪಟ್ಟಿಯೊಳಗಿನ ತಪ್ಪುಗಳಲ್ಲಿ ಬಹಳ ಜನರನ್ನು ಕೆಡವಿದ್ದು ಶೇಕಡಾ ಚಿಹ್ನೆ. ಬ್ಯಾಕಪ್ ಕಡತದ ಹೆಸರಿಗೆ ತಾರೀಕು ಸೇರಿಸಲು ‘ಡೇಟ್’ ಆಜ್ಞೆಯ ಜೊತೆ ವರ್ಷ, ತಿಂಗಳು, ದಿನಗಳ ಅಕ್ಷರದ ಹಿಂದೆ ಆ ಚಿಹ್ನೆ ಬರೆಯಬೇಕು. ಕೈಯಲ್ಲಿ ಓಡಿಸಿದರೆ ಯಾವ ತಕರಾರೂ ಇಲ್ಲ. ಕ್ರಾನ್‌ಟ್ಯಾಬ್‌ನಲ್ಲಿ ಮಾತ್ರ ಆ ಚಿಹ್ನೆಗೆ ‘ಆಜ್ಞೆ ಇಲ್ಲಿಗೆ ಮುಗಿಯಿತು’ ಎಂಬ ಬೇರೆಯದೇ ಅರ್ಥ. ಅದರಿಂದಾಚೆಗಿನದನ್ನು ಕ್ರಾನ್ ಆ ಆಜ್ಞೆಗೆ ಉಣಿಸುವ ಪಠ್ಯ ಎಂದು ತಿಳಿಯುತ್ತದೆ. ಲಾಗ್ ನೋಡಿದರೆ ಸಾಲು ಡೇಟ್ ಆಜ್ಞೆಯ ಕೂಡಿಸುವ ಚಿಹ್ನೆಯವರೆಗೆ ಬಂದು ಕತ್ತರಿಸಿದಂತೆ ನಿಂತಿರುತ್ತದೆ. ಒಮ್ಮೆ ಆ ಮೊಂಡು ಸಾಲನ್ನು ಕಂಡವರು ಮತ್ತೆಂದೂ ಮರೆಯುವುದಿಲ್ಲ. ಚಿಹ್ನೆಯ ಹಿಂದೆ ಒಂದು ಹಿಮ್ಮುಖ ಓರೆಗೆರೆ ಹಾಕಿದರೆ ಸರಿಹೋಗುತ್ತದೆ. ಅದಕ್ಕಿಂತ ಒಳ್ಳೆಯದು, ಪಟ್ಟಿಯಲ್ಲಿ ಸ್ಕ್ರಿಪ್ಟಿನ ಹೆಸರೊಂದನ್ನೇ ಬರೆದು ಉಳಿದ ಸಂಸಾರವನ್ನೆಲ್ಲ ಸ್ಕ್ರಿಪ್ಟಿನೊಳಗೆ ಇಡುವುದು.

ಸಣ್ಣಪುಟ್ಟವು ಇನ್ನೂ ಇವೆ. ಪಟ್ಟಿಯ ಕೊನೆಯ ಸಾಲಿನ ನಂತರ ಎಂಟರ್ ಒತ್ತದೇ ಬಿಟ್ಟರೆ ಆ ಸಾಲು ಇದ್ದೂ ಇಲ್ಲದಂತೆ. ವಿಂಡೋಸ್‌ನಲ್ಲಿ ಬರೆದು ತಂದ ಸ್ಕ್ರಿಪ್ಟಿನ ಪ್ರತಿ ಸಾಲಿನ ತುದಿಯಲ್ಲೂ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡು ಬಂದಿರುತ್ತದೆ, ಲಿನಕ್ಸ್ ಅದನ್ನು ಕಂಡು ತಬ್ಬಿಬ್ಬಾಗುತ್ತದೆ. ಡೆಬಿಯನ್‌ನಲ್ಲಿ ದಿನದ ಕೆಲಸಗಳನ್ನಿಡುವ ‘ಕ್ರಾನ್ ಡೈಲಿ’ ಫೋಲ್ಡರಿಗೆ ಹಾಕುವ ಸ್ಕ್ರಿಪ್ಟಿನ ಹೆಸರಿನಲ್ಲಿ ಚುಕ್ಕೆ ಇರಕೂಡದು. ಚುಕ್ಕೆ ಎಸ್‌ಎಚ್ ಎಂಬ ಬಾಲ ಹಚ್ಚಿದರೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಇಡೀ ಯಂತ್ರದ ಪಟ್ಟಿಯಲ್ಲಿ ಐದು ಅಂಕಣದ ನಂತರ ಕೆಲಸ ಯಾರ ಹೆಸರಿನಲ್ಲಿ ನಡೆಯಬೇಕು ಎಂಬ ಆರನೆಯ ಅಂಕಣ ಬೇಕು, ಸ್ವಂತ ಪಟ್ಟಿಯಲ್ಲಿ ಬೇಡ. ಕೆಲಸ ಯಾರ ಖಾತೆಯಲ್ಲಿ ನಡೆಯುತ್ತದೋ ಆ ಖಾತೆಯ ಪಾಸ್‌ವರ್ಡ್ ಅವಧಿ ಮುಗಿದರೆ ಭದ್ರತಾ ವ್ಯವಸ್ಥೆ ಕ್ರಾನ್‌ನನ್ನು ಹೊಸ್ತಿಲಲ್ಲೇ ತಡೆಯುತ್ತದೆ. ವರ್ಷಗಟ್ಟಲೆ ಓಡಿದ ಕೆಲಸ ಯಾರೂ ಏನೂ ಮುಟ್ಟದೆ ಒಂದು ರಾತ್ರಿ ನಿಂತುಹೋದರೆ ಇದನ್ನು ಮೊದಲು ಅನುಮಾನಿಸಬೇಕು.

ಕ್ರಾನ್‌ಟ್ಯಾಬ್ ತಿದ್ದುವ ಆಜ್ಞೆಗೆ ಅಡ್ಡಗೆರೆಯ ಪಕ್ಕ ‘ಇ’ ಅಕ್ಷರ. ಇಡೀ ಪಟ್ಟಿಯನ್ನು ಅಳಿಸುವ ಆಜ್ಞೆಗೆ ‘ಆರ್’. ಕೀಲಿಮಣೆಯಲ್ಲಿ ಇವೆರಡೂ ಅಕ್ಕಪಕ್ಕ. ಬೆರಳು ಒಂದು ಮನೆ ಜಾರಿದರೆ ಹಲವು ಯಂತ್ರಗಳಲ್ಲಿ ‘ಖಾತ್ರಿಯೇ?’ ಎಂಬ ಪ್ರಶ್ನೆಯೂ ಇಲ್ಲದೆ ಪಟ್ಟಿ ಖಾಲಿಯಾಗುತ್ತದೆ. ಪಟ್ಟಿಯನ್ನೇ ದಿನಕ್ಕೊಮ್ಮೆ ನಕಲು ಮಾಡಿ ಬೇರೆಡೆ ಇಡುವ ಒಂದು ಸಾಲು ಪ್ರತಿ ಪಟ್ಟಿಯಲ್ಲೂ ಇರಬೇಕು.

ಪಂಚಾಂಗದ ಗೊಂದಲ ಇದಕ್ಕಿಂತ ಸೂಕ್ಷ್ಮ. ತಿಂಗಳ ಮೊದಲ ಸೋಮವಾರ ಒಂದು ವರದಿ ಹೋಗಬೇಕು. ತಾರೀಕಿನ ಅಂಕಣದಲ್ಲಿ ಒಂದರಿಂದ ಏಳು, ವಾರದ ಅಂಕಣದಲ್ಲಿ ಸೋಮವಾರ ಎಂದು ಬರೆದರೆ ಎರಡೂ ಕೂಡಿದ ದಿನ ಓಡುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ನಮ್ಮಲ್ಲಿ ತಿಥಿ, ವಾರ, ನಕ್ಷತ್ರ ಎಲ್ಲ ಕೂಡಿದರೆ ತಾನೇ ಮುಹೂರ್ತ? ಕ್ರಾನ್ ಉಳಿದ ಅಂಕಣಗಳನ್ನೆಲ್ಲ ಹಾಗೇ ಕೂಡಿಸುತ್ತದೆ. ತಾರೀಕು ಮತ್ತು ವಾರ ಎರಡನ್ನೂ ನಮೂದಿಸಿದಾಗ ಮಾತ್ರ ‘ಇದಾದರೂ ಸರಿ, ಅದಾದರೂ ಸರಿ’ ಎನ್ನುತ್ತದೆ. ಹೀಗಾಗಿ ಆ ವರದಿ ಒಂದರಿಂದ ಏಳರವರೆಗೆ ದಿನಾ ಹೋಗುತ್ತದೆ, ಆಮೇಲೆ ಪ್ರತಿ ಸೋಮವಾರವೂ ಹೋಗುತ್ತದೆ. ಇದು ದೋಷವಲ್ಲ, ಕೈಪಿಡಿಯಲ್ಲಿ ಬರೆದೇ ಇರುವ ನಿಯಮ. ತಾರೀಕನ್ನು ಪಟ್ಟಿಯಲ್ಲಿಟ್ಟು ‘ಇವತ್ತು ಸೋಮವಾರವೇ?’ ಎಂಬ ಪರೀಕ್ಷೆಯನ್ನು ಸ್ಕ್ರಿಪ್ಟಿನೊಳಗೆ ಮಾಡುವುದು ಎಲ್ಲರೂ ಹಿಡಿದಿರುವ ಪರಿಹಾರ.

ಗಡಿಯಾರದ ವಿಷಯಕ್ಕೆ ಬಂದರೆ ಭಾರತದಲ್ಲಿ ಕೆಲಸ ಮಾಡುವವರಿಗೆ ಐದೂವರೆ ಗಂಟೆಯ ಲೆಕ್ಕ ತಪ್ಪಿದ್ದಲ್ಲ. ಬಾಡಿಗೆಗೆ ಪಡೆದ ಕ್ಲೌಡ್ ಸರ್ವರುಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಕಾಲದಲ್ಲಿರುತ್ತದೆ, ನಮ್ಮ ಕಾಲ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಒಂದನೇ ತಾರೀಕು ರಾತ್ರಿ ಹನ್ನೆರಡೂವರೆಗೆ ತಿಂಗಳ ಬಿಲ್ ಮಾಡಬೇಕು ಎಂದು ಹಾಗೇ ಬರೆದರೆ ಬಿಲ್ ತಯಾರಾಗುವುದು ನಮ್ಮ ಬೆಳಗಿನ ಆರು ಗಂಟೆಗೆ. ಲೆಕ್ಕ ಗೊತ್ತಿರುವವರು ಐದೂವರೆ ಕಳೆದು ಹತ್ತೊಂಬತ್ತು ಗಂಟೆ ಎಂದು ಬರೆದು, ತಾರೀಕನ್ನು ಒಂದು ಎಂದೇ ಬಿಟ್ಟರೆ ಇನ್ನೂ ಕೆಟ್ಟಿತು. ಅಲ್ಲಿ ಒಂದನೇ ತಾರೀಕು ಹತ್ತೊಂಬತ್ತು ಗಂಟೆಯಾದಾಗ ಇಲ್ಲಿ ಎರಡನೇ ತಾರೀಕು. ನಿಜಕ್ಕೂ ಬೇಕಾದದ್ದು ಹಿಂದಿನ ತಿಂಗಳ ಕೊನೆಯ ದಿನ. ಆ ದಿನ 28, 29, 30, 31 ಯಾವುದೂ ಆಗಬಹುದು, ಮತ್ತು ‘ತಿಂಗಳ ಕೊನೆಯ ದಿನ’ ಎಂದು ಹೇಳಲು ಸಾಮಾನ್ಯ ಕ್ರಾನ್‌ನ ಐದು ಅಂಕಣಗಳಲ್ಲಿ ಪದವೇ ಇಲ್ಲ. ಕ್ರೋನಿಯಲ್ಲಿ ಪಟ್ಟಿಯ ಮೇಲ್ಭಾಗದಲ್ಲೇ ಕಾಲವಲಯ ನಮೂದಿಸುವ ಅನುಕೂಲವಿದೆ. ಸರ್ವರಿನ ಕಾಲವಲಯವನ್ನೇ ಬದಲಿಸುವವರು ಕ್ರಾನ್ ಸೇವೆಯನ್ನು ಒಮ್ಮೆ ನಿಲ್ಲಿಸಿ ಮತ್ತೆ ಹೊರಡಿಸಬೇಕು, ಇಲ್ಲದಿದ್ದರೆ ಅದು ಹಳೆಯ ಕಾಲವನ್ನೇ ಹಿಡಿದು ಕೂತಿರುತ್ತದೆ.

ಬೆಂಗಳೂರು, ಮೈಸೂರಿನಲ್ಲಿ ಕೂತು ಅಮೆರಿಕದ ಸರ್ವರ್ ನೋಡಿಕೊಳ್ಳುವ ಕನ್ನಡಿಗರಿಗೆ ಇನ್ನೊಂದು ತಿರುವು ಇದೆ. ಅಲ್ಲಿ ಬಹುತೇಕ ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ರಾತ್ರಿ ಎರಡು ಗಂಟೆ ಎಂಬುದು ನೇರ ಮೂರಾಗುತ್ತದೆ. ನವೆಂಬರ್ ಮೊದಲ ಭಾನುವಾರ ಒಂದರಿಂದ ಎರಡರ ನಡುವಿನ ಗಂಟೆ ಎರಡು ಸಲ ಬರುತ್ತದೆ. ಅಂದರೆ ವರ್ಷದಲ್ಲಿ ಒಂದು ರಾತ್ರಿ ‘ಎರಡೂವರೆ’ ಎಂಬ ಹೊತ್ತೇ ಇರುವುದಿಲ್ಲ. ವಿಕ್ಸಿ ಕ್ರಾನ್‌ನ ಈಗಿನ ಡೆಬಿಯನ್ ರೂಪ ಇದನ್ನು ಜಾಣತನದಿಂದ ನಿಭಾಯಿಸುತ್ತದೆ, ತಪ್ಪಿಹೋದ ಕೆಲಸವನ್ನು ಕೂಡಲೇ ಓಡಿಸುತ್ತದೆ. ಎಲ್ಲ ಕ್ರಾನ್‌ಗಳೂ ಹಾಗಿಲ್ಲ.

ಕೆಲಸ ಕೆಲಸದ ಮೇಲೆ ಏರುವುದೂ ಉಂಟು. ಗಂಟೆಗೊಮ್ಮೆ ಓಡುವ ನಕಲಿನ ಕೆಲಸ ಮೊದಮೊದಲು ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ದತ್ತಾಂಶ ಬೆಳೆಯಿತು, ಒಂದು ದಿನ ಎಪ್ಪತ್ತು ನಿಮಿಷ ಹಿಡಿಯಿತು. ಮೊದಲನೆಯದು ಮುಗಿಯುವ ಮುಂಚೆ ಕ್ರಾನ್ ಎರಡನೆಯದನ್ನು ಹೊರಡಿಸುತ್ತದೆ, ಎರಡೂ ಒಂದೇ ಡಿಸ್ಕಿಗೆ ಜಗ್ಗಾಡಿ ಇನ್ನಷ್ಟು ನಿಧಾನವಾಗುತ್ತವೆ, ಅಷ್ಟರಲ್ಲಿ ಮೂರನೆಯದು. ಲಿನಕ್ಸಿನ ‘ಎಫ್‌ಲಾಕ್’ ಬಾಗಿಲಿಗೆ ಒಂದು ಚಿಲಕ ಹಾಕುತ್ತದೆ. ಕಾಯಬೇಡ ಎಂಬ ಆಯ್ಕೆ ಕೊಟ್ಟರೆ, ಒಳಗೆ ಯಾರೋ ಇದ್ದಾಗ ಹೊಸದಾಗಿ ಬಂದದ್ದು ಹಾಗೇ ಹಿಂದಿರುಗುತ್ತದೆ. ಇನ್ನು ವಿದ್ಯುತ್ ಕೈಕೊಟ್ಟು ಎರಡೂವರೆಗೆ ಯಂತ್ರವೇ ಆರಿದ್ದರೆ ಕ್ರಾನ್ ಆ ರಾತ್ರಿಯ ಕೆಲಸವನ್ನು ಮರೆತೇಬಿಡುತ್ತದೆ. ತಪ್ಪಿದ್ದನ್ನು ನೆನಪಿಟ್ಟು ಆಮೇಲೆ ಮಾಡುವುದು ಅನಾಕ್ರಾನ್ ಎಂಬ ಇನ್ನೊಂದು ತಂತ್ರಾಂಶ. ಈಚಿನ ಲಿನಕ್ಸ್‌ಗಳಲ್ಲಿ ಕ್ರಾನ್‌ನ ಕೆಲಸವನ್ನೇ ಮಾಡುವ ಸಿಸ್ಟಮ್‌ಡಿ ಟೈಮರ್‌ಗಳಲ್ಲೂ ಆ ಗುಣ ಬೇಕೆಂದರೆ ಹಾಕಿಕೊಳ್ಳಬಹುದು. ಯಾವ ಕೆಲಸ ಹಿಂದೆ ಯಾವಾಗ ಓಡಿತು, ಮುಂದೆ ಯಾವಾಗ ಎಂದು ಅವು ಒಂದೇ ಪಟ್ಟಿಯಲ್ಲಿ ತೋರಿಸುತ್ತವೆ. ಹೊಸ ಸರ್ವರಿಗೆ ಟೈಮರ್‌ಗಳೇ ಮೇಲು ಎನ್ನಲು ಈ ಒಂದು ಪಟ್ಟಿ ಸಾಕು.

ಆದರೆ ಟೈಮರ್ ಆಗಲಿ ಕ್ರಾನ್ ಆಗಲಿ, ಕೇಳುವ ಕಿವಿ ಇಲ್ಲದ ಕೊರತೆ ಹಾಗೇ ಉಳಿಯುತ್ತದೆ. ಇದಕ್ಕೆ 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ನಡೆದದ್ದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಪ್ರಪಂಚದ ನಾನಾ ಕಡೆಯ ಪ್ರೋಗ್ರಾಮರುಗಳು ತಮ್ಮ ಕೋಡ್ ಇಡುವ ತಾಣ ಅದು. ಆ ದಿನ ಅದರ ಪೋಸ್ಟ್‌ಗ್ರೆಸ್ ಭಂಡಾರದ ಮೇಲೆ ಒತ್ತಡ ಹೆಚ್ಚಿ, ಮುಖ್ಯ ಸರ್ವರಿನ ಪ್ರತಿರೂಪವಾಗಿದ್ದ ಎರಡನೇ ಸರ್ವರ್ ಹಿಂದೆ ಬಿತ್ತು. ಅದನ್ನು ಹೊಸದಾಗಿ ಕಟ್ಟಲು ಹೋದ ಇಂಜಿನಿಯರ್ ಒಬ್ಬರು ರಾತ್ರಿ ಹೊತ್ತಿನಲ್ಲಿ ಎರಡನೇ ಸರ್ವರಿನ ಬದಲು ಮುಖ್ಯ ಸರ್ವರಿನಲ್ಲೇ ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಹೋಗಿತ್ತು, ಉಳಿದದ್ದು 4.5.

ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರು. ದಿನಕ್ಕೊಮ್ಮೆ ಪಿಜಿ ಡಂಪ್ ಓಡಿ ಅಮೆಜಾನ್‌ನ ಸಂಗ್ರಹಕ್ಕೆ ನಕಲು ಹೋಗಬೇಕಿತ್ತು. ಆ ಸಂಗ್ರಹ ಖಾಲಿ. ಕಾರಣ, ಆ ಕೆಲಸ ಓಡುತ್ತಿದ್ದ ಯಂತ್ರದಲ್ಲಿ ಭಂಡಾರದ ಕಡತಗಳಿರಲಿಲ್ಲ, ಹಾಗಾಗಿ ಯಾವ ಆವೃತ್ತಿ ಬಳಸಬೇಕೆಂದು ತಿಳಿಯದೆ ಸ್ಕ್ರಿಪ್ಟ್ ಹಳೆಯ 9.2ನೇ ಆವೃತ್ತಿಯ ಪಿಜಿ ಡಂಪ್ ಹಿಡಿಯುತ್ತಿತ್ತು. ಭಂಡಾರ ಇದ್ದದ್ದು 9.6ರಲ್ಲಿ. ಆವೃತ್ತಿ ಹೊಂದದೆ ಪಿಜಿ ಡಂಪ್ ದೂರು ಹೇಳಿ ನಿಲ್ಲುತ್ತಿತ್ತು. ಕ್ರಾನ್ ಆ ದೂರನ್ನು ಹಳೆಯ ಪದ್ಧತಿಯಂತೆ ಮೇಲ್ ಮಾಡುತ್ತಲೇ ಇತ್ತು. ಆದರೆ ಕಂಪನಿ ತನ್ನ ಹೆಸರಿನಲ್ಲಿ ನಕಲಿ ಮೇಲ್ ಬಾರದಂತೆ ಡಿಮಾರ್ಕ್ ಎಂಬ ಕಾವಲು ಹಾಕಿಕೊಂಡಿತ್ತು, ಕ್ರಾನ್ ಕಳಿಸುವ ಮೇಲ್‌ಗೆ ಆ ಕಾವಲಿನ ಗುರುತು ಇರಲಿಲ್ಲ. ಮೇಲ್ ಪಡೆಯುವ ಸರ್ವರ್ ಅವನ್ನೆಲ್ಲ ಹೊರಗೇ ತಿರಸ್ಕರಿಸಿತು. ಕೆಲಸ ದಿನಾ ಸೋಲುತ್ತಿತ್ತು, ದಿನಾ ವರದಿ ಮಾಡುತ್ತಿತ್ತು, ವರದಿ ಯಾರಿಗೂ ಮುಟ್ಟುತ್ತಿರಲಿಲ್ಲ.

ಕಂಪನಿಯನ್ನು ಉಳಿಸಿದ್ದು, ಬೇರೊಂದು ಪ್ರಯೋಗಕ್ಕಾಗಿ ಇಂಜಿನಿಯರ್ ಒಬ್ಬರು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಅದನ್ನು ನಿಧಾನದ ಡಿಸ್ಕುಗಳಿಂದ ಹಿಂದಕ್ಕೆ ತರಲು ಸುಮಾರು 18 ಗಂಟೆ ಬೇಕಾಯಿತು. ಆ ಆರು ಗಂಟೆಗಳಲ್ಲಿ ಸೇರಿದ್ದ ಸುಮಾರು 5,000 ಪ್ರಾಜೆಕ್ಟು, 5,000 ಟಿಪ್ಪಣಿ, 700 ಹೊಸ ಖಾತೆಗಳು ಹೋದವು. ಗಿಟ್‌ಲ್ಯಾಬ್‌ನವರು ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದರು, ಆಮೇಲೆ ಎಲ್ಲ ತಪ್ಪುಗಳನ್ನೂ ವಿವರವಾಗಿ ಬರೆದು ಪ್ರಕಟಿಸಿದರು, ತಪ್ಪಿದ ಇಂಜಿನಿಯರ್ ಹೆಸರನ್ನು ಮಾತ್ರ ಆ ವರದಿಯಲ್ಲಿ ಹೇಳಲಿಲ್ಲ. ಸಿಸ್ಟಮ್ ಅಡ್ಮಿನ್ ಆಗಬಯಸುವ ಪ್ರತಿ ವಿದ್ಯಾರ್ಥಿಯೂ ಆ ವರದಿಯನ್ನು ಪಠ್ಯವೆಂದು ಓದಬೇಕು.

ಮೇಲ್ ಕಳಿಸುವ ವ್ಯವಸ್ಥೆಯೇ ಇಲ್ಲದ ಸರ್ವರುಗಳಲ್ಲಿ ಪರಿಸ್ಥಿತಿ ಇನ್ನೂ ಸರಳ. ಡೆಬಿಯನ್ ಕ್ರಾನ್ ‘ಮೇಲ್ ಕಳಿಸುವವರಿಲ್ಲ, ಫಲಿತಾಂಶ ಎಸೆಯುತ್ತಿದ್ದೇನೆ’ ಎಂಬ ಅರ್ಥದ ಒಂದು ಸಾಲನ್ನು ಲಾಗ್‌ನಲ್ಲಿ ಬರೆದು ನಿಜವಾಗಿಯೂ ಎಸೆಯುತ್ತದೆ. ಅದಕ್ಕಿಂತ ನೋವಿನ ಸಂಗತಿ, ಮನುಷ್ಯರೇ ಬೇಕೆಂದು ಎಸೆಯುವುದು. ಮೇಲ್ ಕಾಟ ಬೇಡವೆಂದು ಪ್ರತಿ ಸಾಲಿನ ಕೊನೆಗೂ ಫಲಿತಾಂಶ ಮತ್ತು ದೂರು ಎರಡನ್ನೂ ‘ಡೆವ್ ನಲ್’ ಎಂಬ ತಳವಿಲ್ಲದ ಬಾವಿಗೆ ಹಾಕುವ ಅಭ್ಯಾಸ ಎಲ್ಲೆಡೆ ಇದೆ. ಮಗುವಿನ ಅಳು ಕೇಳಬಾರದೆಂದು ಕೋಣೆಯ ಬಾಗಿಲು ಹಾಕಿಕೊಂಡ ಹಾಗೆ. ಬೇಡದ ಮಾತನ್ನು ಎಸೆಯಲಿ, ದೂರನ್ನು ಒಂದು ಕಡತಕ್ಕಾದರೂ ಬರೆಯಲಿ.

ರೈಲು ಇಂಜಿನ್ನಿನಲ್ಲಿ ಒಂದು ಏರ್ಪಾಡು ಇರುತ್ತದೆ. ಚಾಲಕ ಎಚ್ಚರವಾಗಿದ್ದೇನೆ ಎಂದು ಆಗಾಗ ಒಂದು ಗುಂಡಿಯನ್ನೋ ಪೆಡಲನ್ನೋ ಒತ್ತಿ ತಿಳಿಸಬೇಕು; ಒತ್ತದಿದ್ದರೆ ಬ್ರೇಕ್ ತಾನಾಗಿ ಬೀಳುತ್ತದೆ. ರಾತ್ರಿಯ ಕೆಲಸಕ್ಕೂ ಹೀಗೇ ಮಾಡಬಹುದು. ಸ್ಕ್ರಿಪ್ಟ್ ಎಲ್ಲ ಮುಗಿಸಿದ ಮೇಲೆ ಕೊನೆಯ ಸಾಲಿನಲ್ಲಿ ಇನ್ನೊಂದು ಯಂತ್ರಕ್ಕೆ ‘ಮುಗಿಯಿತು’ ಎಂದು ಒಂದು ಸಣ್ಣ ಕರೆ ಕೊಡುತ್ತದೆ. ಆ ಯಂತ್ರ ಮೂರೂವರೆಯವರೆಗೆ ಕಾಯುತ್ತದೆ, ಕರೆ ಬಾರದಿದ್ದರೆ ಮನುಷ್ಯನನ್ನು ಎಬ್ಬಿಸುತ್ತದೆ. ಸ್ಕ್ರಿಪ್ಟ್ ಕೆಟ್ಟಿರಲಿ, ಕ್ರಾನ್ ನಿಂತಿರಲಿ, ಸರ್ವರಿಗೇ ಕರೆಂಟ್ ಇಲ್ಲದಿರಲಿ, ಎಲ್ಲದಕ್ಕೂ ಇದೊಂದೇ ಎಚ್ಚರಿಕೆಯ ಗಂಟೆ. ಹೆಲ್ತ್‌ಚೆಕ್ಸ್ ಎಂಬ ಮುಕ್ತ ತಂತ್ರಾಂಶ ಇದೇ ಕೆಲಸ ಮಾಡುತ್ತದೆ. ಬೇಡವೆಂದರೆ ಇನ್ನೊಂದು ಯಂತ್ರದಲ್ಲಿ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದುಕೊಳ್ಳಬಹುದು. ಬಾನುಲಿಗೆ ಸಾವಿರಾರು ಕೇಳುಗರು. ಎರಡೂವರೆಯ ಕೆಲಸಕ್ಕೆ ಇದೊಂದು ಕಿವಿಯಾದರೂ ಸಿಕ್ಕಂತಾಗುತ್ತದೆ. ಆದರೆ ಆ ‘ಮುಗಿಯಿತು’ ಎಂಬ ಮಾತು ನಿಜವಾಗಿರಬೇಕು. ಕಡತದ ಗಾತ್ರ ನೋಡಿ, ನಿನ್ನೆಯದಕ್ಕೆ ಹೋಲಿಸಿ, ಆಮೇಲೆ ಕರೆ ಕೊಡಬೇಕು.

ಭದ್ರತಾ ಪ್ರಮಾಣಪತ್ರದ ಮಾತನ್ನೂ ಇಲ್ಲಿ ನೆನೆಯಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತ ಬಂದ ಪ್ರಮಾಣಪತ್ರದ ಆಯಸ್ಸು 90 ದಿನ. ಅವಧಿಗೆ ಒಂದು ತಿಂಗಳ ಮೊದಲಿನಿಂದಲೇ ‘ಸರ್ಟ್‌ಬಾಟ್’ ಎಂಬ ತಂತ್ರಾಂಶ ನವೀಕರಣಕ್ಕೆ ಯತ್ನಿಸುತ್ತದೆ. ಕೆಲವೊಮ್ಮೆ ಹೊಸ ಪತ್ರ ಬಂದು ಡಿಸ್ಕಿನಲ್ಲಿ ಕೂತಿರುತ್ತದೆ, ವೆಬ್ ಸರ್ವರಿಗೆ ಅದನ್ನು ಮತ್ತೆ ಓದು ಎಂದು ಯಾರೂ ಹೇಳಿರುವುದಿಲ್ಲ. ಅದು ನೆನಪಿನಲ್ಲಿರುವ ಹಳೆಯ ಪತ್ರವನ್ನೇ ಕೊನೆಯ ದಿನದವರೆಗೂ ತೋರಿಸುತ್ತದೆ. ಮರುದಿನ ಗ್ರಾಹಕರ ಪರದೆಯಲ್ಲಿ ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಲಾಗ್ ನೋಡಿದರೆ ಕ್ರಾನ್ ಒಂದು ದಿನವೂ ತಪ್ಪಿಲ್ಲ, ನವೀಕರಣವೂ ತಪ್ಪಿಲ್ಲ. ಆ ತಿಂಗಳಿಡೀ ಹೊರಗಿನಿಂದ ಬಂದು ತಾಣದ ಬಾಗಿಲಲ್ಲಿ ನಿಂತು ‘ಈ ಪತ್ರಕ್ಕೆ ಇನ್ನೆಷ್ಟು ದಿನ?’ ಎಂದು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಈ ಮಾತುಗಳನ್ನು ಕೇಳುತ್ತಿರುವವರಲ್ಲಿ ಒಂದಾದರೂ ಸರ್ವರಿನ ಹೊಣೆ ಹೊತ್ತವರು ಇದ್ದರೆ ಅವರಲ್ಲಿ ಒಂದು ವಿನಂತಿ. ನಾಳೆ ಕಚೇರಿಗೆ ಹೋದವರು ಮೊದಲು ಎಲ್ಲ ಖಾತೆಗಳ ಕ್ರಾನ್‌ಟ್ಯಾಬ್‌ಗಳನ್ನೂ ಒಂದು ಹಾಳೆಗೆ ಇಳಿಸಿಕೊಳ್ಳಿ. ಸರ್ವರಿನೊಳಗಿನ ಅಂಚೆಪೆಟ್ಟಿಗೆ ತೆರೆದು ಬಿದ್ದಿರುವ ಪತ್ರಗಳನ್ನು ಓದಿ. ನಿನ್ನೆ ರಾತ್ರಿಯ ಬ್ಯಾಕಪ್ ಕಡತವನ್ನು ಬೇರೊಂದು ಯಂತ್ರಕ್ಕೆ ಒಯ್ದು ಬಿಚ್ಚಿ, ಅದರಿಂದ ಒಂದು ದಿನದ ಲೆಕ್ಕವನ್ನು ತೆರೆದು ನೋಡಿ. ಅದಕ್ಕೂ ಮೊದಲು ಅದರ ಗಾತ್ರದ ಮೇಲೆ ಕಣ್ಣು ಹಾಯಿಸಿ. 20 ಬೈಟ್ ಎಂದು ಕಂಡರೆ ಪಾತ್ ನೋಡಿ.